ಕಿಟ್ ಖರೀದಿಯ ಕಡತವನ್ನು ಕೊನೆಗೆ ತೆರೆಯಿರಿ

ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಯ ಯೋಜನೆ ರೂಪಿಸುವ, ಅದಕ್ಕೆ ಹಣ ಮಂಜೂರು ಮಾಡುವ, ಟೆಂಡರ್ ಕರೆಯುವ ಎಲ್ಲ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆಯೇ ಎಂದು ನೋಡಿ ದೊಡ್ಡ ಕರುಳಿನ ಕ್ಯಾನ್ಸರನ್ನು ಬೇಗ ಹಿಡಿಯುವ ಯೋಜನೆ ಎಲ್ಲೇ ಆರಂಭವಾಗಲಿ, ಮೊದಲು ಸಹಿ ಬೀಳುವುದು ಕಿಟ್ ಖರೀದಿಯ ಕಡತಕ್ಕೆ. ಎಷ್ಟು ಲಕ್ಷ ಕಿಟ್, ಒಂದಕ್ಕೆ ಎಷ್ಟು ದರ, ಯಾವ ತಿಂಗಳೊಳಗೆ ಸರಬರಾಜು ಎಂಬುದು ತೀರ್ಮಾನವಾದರೆ ಯೋಜನೆಯೇ ಮುಗಿದಂತೆ ಎಂಬ ಭಾವನೆ. ಆ ಕಡತವನ್ನು ಎಲ್ಲಕ್ಕಿಂತ ಕೊನೆಗೆ ತೆರೆಯಿರಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇವೆ. ಮೊದಲು ತೆರೆಯಬೇಕಾದ್ದು ಕೊಲೊನೊಸ್ಕೋಪಿ ಕೋಣೆಯ, ಅಂದರೆ ಗುದದ್ವಾರದ ಮೂಲಕ ಕ್ಯಾಮೆರಾ ಹಾಯಿಸಿ ದೊಡ್ಡ ಕರುಳನ್ನು ನೋಡುವ ಕೋಣೆಯ ಡೈರಿ.

ಲೆಕ್ಕ ಕಷ್ಟದ್ದೇನಲ್ಲ. 10,000 ಜನರಿಗೆ ಕಿಟ್ ಕಳುಹಿಸಿದಿರಿ, ಅರ್ಧದಷ್ಟು ಜನ ಮಲದ ಸ್ಯಾಂಪಲ್ ಇರುವ ಟ್ಯೂಬ್ ಮರಳಿಸಿದರು ಎಂದಿಟ್ಟುಕೊಳ್ಳೋಣ. ಆ 5,000 ಟ್ಯೂಬುಗಳಲ್ಲಿ ನೂರಕ್ಕೆ 6 ಪಾಸಿಟಿವ್ ಬಂದರೆ 300 ಜನರಿಗೆ ಕೊಲೊನೊಸ್ಕೋಪಿ ಆಗಬೇಕು. ಒಂದು ಕೋಣೆಯಲ್ಲಿ ದಿನಕ್ಕೆ 8ರಂತೆ ವಾರಕ್ಕೆ 40 ಮಾಡಬಹುದು ಎನ್ನಿ. ಅದರಲ್ಲಿ 30 ಈಗಾಗಲೇ ರಕ್ತಸ್ರಾವ, ರಕ್ತಹೀನತೆ, ತೂಕ ಇಳಿಕೆ ಎಂದು ಬಂದವರಿಗೆ ಮೀಸಲಾಗಿದ್ದರೆ ನಿಮಗೆ ಸಿಗುವುದು ವಾರಕ್ಕೆ 10. ಮುನ್ನೂರು ಜನ ಮುಗಿಯಲು 30 ವಾರ. ಸರದಿಯ ಕೊನೆಯಲ್ಲಿರುವವರು ‘ನಿಮ್ಮ ಮಲದಲ್ಲಿ ರಕ್ತ ಇದೆ’ ಎಂಬ ಚೀಟಿ ಹಿಡಿದು ಏಳು ತಿಂಗಳು ಕೂತಿರಬೇಕು. ಅಷ್ಟರಲ್ಲಿ ಎರಡನೇ ಕಂತಿನ ಕಿಟ್‌ಗಳು ಹೊರಟಿರುತ್ತವೆ.

ಕಾಯುವುದರಿಂದ ಏನಾಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ. ಅಮೆರಿಕದಲ್ಲಿ ಪಾಸಿಟಿವ್ ಬಂದ 70,124 ಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. 8ರಿಂದ 30 ದಿನಗಳೊಳಗೆ ಕೊಲೊನೊಸ್ಕೋಪಿ ಮಾಡಿಸಿಕೊಂಡವರಿಗೆ ಹೋಲಿಸಿದರೆ, 10ರಿಂದ 12 ತಿಂಗಳು ತಡಮಾಡಿದವರಲ್ಲಿ ಕ್ಯಾನ್ಸರ್ ಸಿಗುವ ಸಂಭವ ಸುಮಾರು ಒಂದೂವರೆ ಪಟ್ಟು ಇತ್ತು. ವರ್ಷ ದಾಟಿದವರಲ್ಲಿ ಎರಡು ಪಟ್ಟಿಗೂ ಮೀರಿತ್ತು. ಮುಂದುವರಿದ ಹಂತದ ಕ್ಯಾನ್ಸರ್‌ಗಳನ್ನಷ್ಟೇ ಎಣಿಸಿದರೆ ಮೂರು ಪಟ್ಟಿಗೂ ಹೆಚ್ಚು. ಅಂದರೆ ಒಂದೆರಡು ವಾರ ಹೆಚ್ಚುಕಮ್ಮಿಯಾದರೆ ಆಕಾಶ ಕಳಚಿ ಬೀಳುವುದಿಲ್ಲ. ತಿಂಗಳುಗಟ್ಟಲೆ ಬಿಟ್ಟರೆ ಮಾತ್ರ ಪರೀಕ್ಷೆ ಮಾಡಿದ ಲಾಭವೇ ಕರಗಿಹೋಗುತ್ತದೆ.

ಡೈರಿಯಲ್ಲಿ ವಾರಕ್ಕೆ ಎಷ್ಟು ಜಾಗ ಖಾಲಿ ಇದೆ ಎಂಬ ಸಂಖ್ಯೆ ಕೈಗೆ ಬಂದ ಮೇಲೆ ನಿರ್ಧರಿಸಬೇಕಾದ್ದು ಮೂರು: ಯಾವ ವಯಸ್ಸಿನವರನ್ನು ಕರೆಯುವುದು, ಎಷ್ಟು ವರ್ಷಕ್ಕೊಮ್ಮೆ ಕರೆಯುವುದು, ಕಟ್‌ಆಫ್ ಎಲ್ಲಿಡುವುದು. ಕಟ್‌ಆಫ್ ಎಂದರೆ ಮಲದಲ್ಲಿ ಎಷ್ಟು ರಕ್ತ ಸಿಕ್ಕರೆ ಪಾಸಿಟಿವ್ ಎನ್ನಬೇಕೆಂಬ ಗೆರೆ, ಅದು ನಲ್ಲಿಯ ತಿರುಪಿನ ಹಾಗೆ. ಕೆಳಗಿಳಿಸಿದರೆ ಹೆಚ್ಚು ಕ್ಯಾನ್ಸರ್ ಸಿಗುತ್ತದೆ, ಸುಳ್ಳು ಕರೆಗಳೂ ಹೆಚ್ಚುತ್ತವೆ. ಏರಿಸಿದರೆ ಸರದಿ ಚಿಕ್ಕದಾಗುತ್ತದೆ, ಕೆಲವು ಗಡ್ಡೆಗಳು ತಪ್ಪಿಸಿಕೊಳ್ಳುತ್ತವೆ. ಹಲವು ಕಡೆ ಬಳಕೆಯಲ್ಲಿರುವುದು ಒಂದು ಗ್ರಾಂ ಮಲಕ್ಕೆ 20 ಮೈಕ್ರೋಗ್ರಾಂ ಹಿಮೋಗ್ಲೋಬಿನ್ ಎಂಬ ಗೆರೆ. ನೆದರ್ಲೆಂಡ್ಸ್ 2014ರ ಆರಂಭದಲ್ಲಿ 15ರಲ್ಲಿ ಶುರುಮಾಡಿ, ಪಾಸಿಟಿವ್ ಬಂದವರ ಸಂಖ್ಯೆ ಅಂದಾಜನ್ನು ಮೀರಿದಾಗ ಅದೇ ವರ್ಷ 47ಕ್ಕೆ ಏರಿಸಿತು. ಸ್ಕಾಟ್ಲೆಂಡ್ 2017ರಲ್ಲಿ 80ರಿಂದ, ಇಂಗ್ಲೆಂಡ್ 2019ರಲ್ಲಿ 120ರಿಂದ ಆರಂಭಿಸಿದವು. ಈ ಮೂರರಲ್ಲಿ ಯಾವುದೂ ತಪ್ಪಲ್ಲ. ತಮ್ಮಲ್ಲಿ ಎಷ್ಟು ಕೊಲೊನೊಸ್ಕೋಪಿ ಸಾಧ್ಯವೋ ಅದಕ್ಕೆ ತಕ್ಕಂತೆ ಅವರು ಗೆರೆ ಎಳೆದುಕೊಂಡರು. ಬೇರೆಯವರ ಗೆರೆಯನ್ನು ನಕಲು ಮಾಡಿ, ಅವರಲ್ಲಿರುವ ಕೋಣೆಗಳನ್ನು ಮಾತ್ರ ಮರೆಯುವುದು ತಪ್ಪು.

ಪರೀಕ್ಷೆಯ ಮಿತಿಯನ್ನೂ ಸಂಖ್ಯೆಯಲ್ಲೇ ಹೇಳಿಬಿಡುವುದು ಒಳ್ಳೆಯದು. ರೋಗಲಕ್ಷಣವಿಲ್ಲದ 1,000 ಜನರಲ್ಲಿ 5 ಮಂದಿಗೆ ಕ್ಯಾನ್ಸರ್ ಇದೆ ಎಂದುಕೊಳ್ಳಿ. 2014ರಲ್ಲಿ 19 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಈ ಪರೀಕ್ಷೆ (ಮುಂದೆ ವಿವರಿಸುವ ಎಫ್‌ಐಟಿ) ಒಂದು ಸಲಕ್ಕೆ ನೂರರಲ್ಲಿ 79 ಕ್ಯಾನ್ಸರ್‌ಗಳನ್ನು ಹಿಡಿಯುತ್ತದೆ, ಕ್ಯಾನ್ಸರ್ ಇಲ್ಲದ ನೂರು ಜನರಲ್ಲಿ 94 ಮಂದಿಗೆ ‘ಇಲ್ಲ’ ಎನ್ನುತ್ತದೆ ಎಂದು ಕಂಡಿತು. ಆ ಲೆಕ್ಕದಲ್ಲಿ 5ರಲ್ಲಿ 4 ಸಿಗುತ್ತವೆ, ಒಂದು ತಪ್ಪುತ್ತದೆ, ಉಳಿದ 995ರಲ್ಲಿ ಸುಮಾರು 60 ಜನರಿಗೂ ಪಾಸಿಟಿವ್ ಬರುತ್ತದೆ. ಅಂದರೆ ಪಾಸಿಟಿವ್ ಬಂದ 16 ಜನರಲ್ಲಿ ಕ್ಯಾನ್ಸರ್ ಇರುವುದು ಒಬ್ಬರಿಗೆ. ಉಳಿದವರಲ್ಲಿ ಅನೇಕರಿಗೆ ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆದ ಗಂಟು ಇರುತ್ತದೆ, ಮುಂದೆ ಕ್ಯಾನ್ಸರ್ ಆಗಬಹುದಾದ್ದನ್ನು ಆಗಲೇ ಕಿತ್ತು ಹಾಕಬಹುದು, ಅದೂ ಲಾಭವೇ. ಆದರೆ ‘ಪಾಸಿಟಿವ್ ಎಂದರೆ ಕ್ಯಾನ್ಸರ್’ ಎಂದು ಹೆದರಿ ಮನೆಯಲ್ಲೇ ಕೂರುವವರಿಗೆ ಹದಿನಾರರಲ್ಲಿ ಒಂದು ಎಂಬ ಈ ಮಾತನ್ನು ಚೀಟಿಯ ಜೊತೆಗೇ ತಿಳಿಸಬೇಕು.

ಪಾಲಿಪ್‌ಗಳ ವಿಷಯದಲ್ಲಿ ಪರೀಕ್ಷೆ ಇನ್ನೂ ಮಂದ. 2014ರಲ್ಲಿ ಪ್ರಕಟವಾದ, ಸುಮಾರು 10,000 ಜನರ ಮೇಲಿನ ಅಧ್ಯಯನದಲ್ಲಿ ಅದು ಕ್ಯಾನ್ಸರ್‌ಗಳಲ್ಲಿ ಶೇ 73.8ನ್ನು ಹಿಡಿದರೆ, ಕ್ಯಾನ್ಸರ್ ಆಗುವ ಹಾದಿಯಲ್ಲಿದ್ದ ಗಂಟುಗಳಲ್ಲಿ ಹಿಡಿದದ್ದು ಶೇ 23.8 ಮಾತ್ರ. ಸಣ್ಣ ಪಾಲಿಪ್ ದಿನವೂ ರಕ್ತ ಸುರಿಸುತ್ತ ಕೂರುವುದಿಲ್ಲ. ಒಂದು ದಿನ ಜಿನುಗುತ್ತದೆ, ನಾಲ್ಕು ದಿನ ಸುಮ್ಮನಿರುತ್ತದೆ. ಈ ಪರೀಕ್ಷೆಯನ್ನು ಕಾಪಾಡುವುದು ಒಂದೇ ಸಂಗತಿ: ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು. ಅಷ್ಟರಲ್ಲಿ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬಲೆ ಬೀಸಿದರೆ ಈ ಸಲ ತಪ್ಪಿದ್ದು ಮುಂದಿನ ಸಲ ಸಿಕ್ಕೀತು. ಆದ್ದರಿಂದ ಒಂದು ವರ್ಷದ ಅನುದಾನದಲ್ಲಿ ಒಂದೇ ಸಲ ‘ಶಿಬಿರ’ ಮಾಡಿ ಫೋಟೊ ತೆಗೆಸಿ ಮುಗಿಸುವ ಯೋಜನೆಗೆ ಈ ಪರೀಕ್ಷೆ ಹೊಂದುವುದಿಲ್ಲ. ಹತ್ತು ವರ್ಷ ಸತತ ಕರೆಯುವ ಮನಸ್ಸಿದ್ದರೆ ಮಾತ್ರ ಕೈಹಾಕಿ.

ಈಗ ಕಿಟ್‌ಗೆ ಬರೋಣ. ಮಾರುಕಟ್ಟೆಯಲ್ಲಿ ‘ಮಲದ ರಕ್ತ ಪರೀಕ್ಷೆ’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಜಾತಿಯ ಸರಕು ಸಿಗುತ್ತದೆ. ಹಳೆಯದು ಗ್ವಾಯಾಕ್ ಕಾರ್ಡ್. ಗ್ವಾಯಾಕ್ ಮರದ ರಾಳ ಸವರಿದ ಕಾಗದದ ಮೇಲೆ ಮಲ ಹಚ್ಚಿ ಹೈಡ್ರೋಜನ್ ಪೆರಾಕ್ಸೈಡ್ ಹನಿ ಬಿಟ್ಟರೆ, ರಕ್ತದಲ್ಲಿರುವ ಹೀಮ್‌ನಿಂದಾಗಿ (ಹಿಮೋಗ್ಲೋಬಿನ್ನಿನ ಕಬ್ಬಿಣವಿರುವ ಭಾಗ) ಕಾಗದ ನೀಲಿಯಾಗುತ್ತದೆ. ಈ ಕಾರ್ಡನ್ನು ಹಳೆಯದೆಂದು ಹೀಗಳೆಯುವಂತಿಲ್ಲ. ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಾವು 13 ವರ್ಷಗಳಲ್ಲಿ ಮೂರನೇ ಒಂದರಷ್ಟು ಇಳಿಯುತ್ತದೆ ಎಂದು 1993ರಲ್ಲಿ ಪ್ರಕಟವಾದ ಮಿನ್ನೆಸೋಟ ಪ್ರಯೋಗ ತೋರಿಸಿದ್ದು ಇದೇ ಕಾರ್ಡಿನಿಂದ. ಆದರೆ ಹೀಮ್ ಯಾರ ರಕ್ತದ್ದು ಎಂದು ಅದಕ್ಕೆ ತಿಳಿಯುವುದಿಲ್ಲ. ತಿಂದ ಕೆಂಪು ಮಾಂಸದ ಹೀಮ್‌ಗೂ ನೀಲಿ, ಮೂಲಂಗಿಯಂಥ ಕೆಲವು ಹಸಿ ತರಕಾರಿಗಳ ಪೆರಾಕ್ಸಿಡೇಸ್ ಎಂಬ ಕಿಣ್ವಕ್ಕೂ ನೀಲಿ. ವಿಟಮಿನ್ ಸಿ ಹೆಚ್ಚು ತಿಂದಿದ್ದರೆ ರಕ್ತವಿದ್ದರೂ ನೀಲಿಯಿಲ್ಲ. ಮೂರು ದಿನದ ಮಲ, ದಿನಕ್ಕೆ ಎರಡು ಕಡೆಯಿಂದ, ಒಟ್ಟು ಆರು ಸ್ಯಾಂಪಲ್ ಬೇರೆ ಬೇಕು.

ಹೊಸದು ಎಫ್‌ಐಟಿ, ಅಂದರೆ ಪ್ರತಿಕಾಯ ಬಳಸಿ ಮಲದಲ್ಲಿ ರಕ್ತ ಹುಡುಕುವ ಫೀಕಲ್ ಇಮ್ಯುನೊಕೆಮಿಕಲ್ ಟೆಸ್ಟ್. (ದಯವಿಟ್ಟು ಸೂಚನಾ ಪತ್ರದಲ್ಲಿ ಇದನ್ನು ‘ಫಿಟ್’ ಎಂದು ಬರೆಯಬೇಡಿ, ಓದಿದವರು ಫಿಟ್ಸ್ ಕಾಯಿಲೆಯ ಪರೀಕ್ಷೆ ಎಂದುಕೊಂಡಾರು.) ಇದರಲ್ಲಿರುವ ಪ್ರತಿಕಾಯ ಅಂಟಿಕೊಳ್ಳುವುದು ಮನುಷ್ಯರ ಹಿಮೋಗ್ಲೋಬಿನ್ನಿನ ಗ್ಲೋಬಿನ್ ಭಾಗಕ್ಕೆ. ಆದ್ದರಿಂದ ಊಟದ ಪಥ್ಯ ಬೇಡ, ಕಬ್ಬಿಣದ ಮಾತ್ರೆ ನಿಲ್ಲಿಸಬೇಕಿಲ್ಲ, ಆಸ್ಪಿರಿನ್ ಆಗಲಿ ರಕ್ತ ತೆಳುವಾಗಿಸುವ ಮಾತ್ರೆಯಾಗಲಿ ಪರೀಕ್ಷೆಗೋಸ್ಕರ ಬಿಡುವುದು ಬೇಡ. ಒಂದೇ ಸ್ಯಾಂಪಲ್ ಸಾಕು. ಜಠರದಲ್ಲೋ ಸಣ್ಣ ಕರುಳಿನ ಮೇಲ್ಭಾಗದಲ್ಲೋ ಒಸರಿದ ರಕ್ತದ ಗ್ಲೋಬಿನ್ ಕೆಳಗಿಳಿಯುವಷ್ಟರಲ್ಲಿ ಜೀರ್ಣವಾಗಿ ಹೋಗುವುದರಿಂದ, ಪಾಸಿಟಿವ್ ಬಂದರೆ ದೊಡ್ಡ ಕರುಳಿನ ಕಡೆಗೇ ಬೆರಳು ತೋರಿಸುತ್ತದೆ. ಇಂಗ್ಲೆಂಡಿನಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ ಕಾರ್ಡ್ ಪಡೆದವರಲ್ಲಿ ಶೇ 59.3, ಎಫ್‌ಐಟಿ ಪಡೆದವರಲ್ಲಿ ಶೇ 66.4 ಜನ ಪರೀಕ್ಷೆ ಮಾಡಿ ಕಳುಹಿಸಿದ್ದರು. ಆರು ಸಲ ಹಚ್ಚುವುದಕ್ಕೂ ಒಂದೇ ಸಲ ಸ್ಯಾಂಪಲ್ ತೆಗೆಯುವುದಕ್ಕೂ ಇರುವ ವ್ಯತ್ಯಾಸ ಅದು.

ಆದರೆ ಎಫ್‌ಐಟಿಯಲ್ಲೂ ಎರಡು ಬಗೆ. ಒಂದು, ಗೆರೆ ಮೂಡುವ ಕ್ಯಾಸೆಟ್. ಇನ್ನೊಂದು, ಯಂತ್ರದಲ್ಲಿ ಅಳೆದು ಸಂಖ್ಯೆ ಕೊಡುವುದು. ಕ್ಯಾಸೆಟ್ ಅಗ್ಗ, ಬೇಗ, ವಿದ್ಯುತ್ ಬೇಡ. ಅದರ ಗೆರೆ ಎಷ್ಟು ಮೈಕ್ರೋಗ್ರಾಮಿಗೆ ಮೂಡಬೇಕು ಎಂಬುದನ್ನು ತಯಾರಕರು ಮೊದಲೇ ನಿಗದಿಮಾಡಿರುತ್ತಾರೆ. ಕಂಪನಿಯಿಂದ ಕಂಪನಿಗೆ ಅದು ಬೇರೆ. ಮಸುಕು ಗೆರೆಯನ್ನು ಒಬ್ಬ ತಂತ್ರಜ್ಞ ‘ಇದೆ’ ಎಂದರೆ ಇನ್ನೊಬ್ಬ ‘ಇಲ್ಲ’ ಎನ್ನುತ್ತಾನೆ. ಹೇಳಿದ ನಿಮಿಷಕ್ಕಿಂತ ಮೊದಲು ಓದಿದರೆ ಗೆರೆ ಇನ್ನೂ ಮೂಡಿರುವುದಿಲ್ಲ, ಅರ್ಧ ಗಂಟೆ ಬಿಟ್ಟು ಓದಿದರೆ ಇಲ್ಲದ ಗೆರೆ ಮೂಡಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕೊಲೊನೊಸ್ಕೋಪಿ ಸರದಿ ಉದ್ದವಾದಾಗ ತಿರುಗಿಸಲು ಕ್ಯಾಸೆಟ್ಟಿನಲ್ಲಿ ತಿರುಪೇ ಇಲ್ಲ. ದೊಡ್ಡ ಯೋಜನೆಗೆ ಸಂಖ್ಯೆ ಕೊಡುವ ಯಂತ್ರವೇ ಬೇಕು ಎಂದು ನಾವು ಪಟ್ಟು ಹಿಡಿಯುವುದು ಇದಕ್ಕೆ.

ಸಂಖ್ಯೆಯಲ್ಲೂ ಒಂದು ಗುಂಡಿಯಿದೆ, ಟೆಂಡರ್ ಬರೆಯುವವರು ಪದೇ ಪದೇ ಅದರಲ್ಲಿ ಬೀಳುತ್ತಾರೆ. ಯಂತ್ರ ಅಳೆಯುವುದು ಟ್ಯೂಬಿನಲ್ಲಿರುವ, ಮಲ ಬೆರೆತ ಬಫರ್ ದ್ರವವನ್ನು (ಸ್ಯಾಂಪಲ್ ಬೇಗ ಕೆಡದಂತೆ ಕಾಯುವ ದ್ರವ), ಅಂದರೆ ಒಂದು ಮಿಲಿಲೀಟರಿಗೆ ಎಷ್ಟು ನ್ಯಾನೋಗ್ರಾಂ ಎಂದು. ನಮಗೆ ಬೇಕಾದದ್ದು ಒಂದು ಗ್ರಾಂ ಮಲಕ್ಕೆ ಎಷ್ಟು ಮೈಕ್ರೋಗ್ರಾಂ ಎಂದು. ಒಂದು ಕಂಪನಿಯ ಕಡ್ಡಿ 10 ಮಿಲಿಗ್ರಾಂ ಮಲ ಎತ್ತಿ 2 ಮಿಲಿಲೀಟರ್ ಬಫರ್‌ಗೆ ಬೆರೆಸಿದರೆ 100 ನ್ಯಾನೋಗ್ರಾಂ ಎಂಬ ರೀಡಿಂಗ್ ಎಂದರೆ ಗ್ರಾಮಿಗೆ 20 ಮೈಕ್ರೋಗ್ರಾಂ. ಇನ್ನೊಂದರ ಕಡ್ಡಿ 2 ಮಿಲಿಗ್ರಾಂ ಮಾತ್ರ ಎತ್ತಿ ಅಷ್ಟೇ ಬಫರ್‌ಗೆ ಬೆರೆಸಿದರೆ, ಅದೇ 100 ನ್ಯಾನೋಗ್ರಾಂ ಗ್ರಾಮಿಗೆ 100 ಮೈಕ್ರೋಗ್ರಾಂ ಆಯಿತು. ಅಂಕಿ ಒಂದೇ, ಅರ್ಥ ಐದು ಪಟ್ಟು ಬೇರೆ. ಟೆಂಡರಿನಲ್ಲಿ ‘ಕಟ್‌ಆಫ್ 100’ ಎಂದಷ್ಟೇ ಬರೆದರೆ ಏನು ಕೊಂಡಿರಿ ಎಂದು ನಿಮಗೇ ಗೊತ್ತಿರುವುದಿಲ್ಲ. ಗ್ರಾಂ ಮಲದ ಲೆಕ್ಕದಲ್ಲೇ ಬರೆಯಿರಿ, ರಿಪೋರ್ಟ್ ಕೂಡ ಅದೇ ಲೆಕ್ಕದಲ್ಲಿ ಬರಬೇಕೆಂದು ಷರತ್ತು ಹಾಕಿ. ಹಾಗೆ ಬರೆದ ಮೇಲೂ ಒಂದು ಕಂಪನಿಯ 20 ಇನ್ನೊಂದರ 20ಕ್ಕೆ ಸರಿಸಮ ಎನ್ನುವಂತಿಲ್ಲ, ಪ್ರತಿಕಾಯ, ಬಫರ್, ಕಡ್ಡಿ ಎಲ್ಲವೂ ಬೇರೆ. ದರ ಕಡಿಮೆಯೆಂದು ನಡುವೆ ಕಂಪನಿ ಬದಲಾಯಿಸಿದ ತಿಂಗಳು ಪಾಸಿಟಿವ್ ಪ್ರಮಾಣ ದಿಢೀರನೆ ಏರಿದರೆ ಅಥವಾ ಇಳಿದರೆ, ರೋಗ ಹೆಚ್ಚಿತೆಂದೋ ಕಡಿಮೆಯಾಯಿತೆಂದೋ ಪತ್ರಿಕಾ ಪ್ರಕಟಣೆ ಕೊಡುವ ಮುನ್ನ ಟ್ಯೂಬಿನ ಮೇಲಿನ ಹೆಸರು ನೋಡಿ.

ಕಿಟ್ ಮನೆ ತಲುಪಿದ ಮೇಲೆ ನಡೆಯುವುದರ ಮೇಲೆ ನಮ್ಮ ಹಿಡಿತ ತೀರಾ ಕಡಿಮೆ. ಆ ಎರಡು ನಿಮಿಷಗಳು ಸರಿಯಾಗಿ ನಡೆಯದಿದ್ದರೆ ಮುಂದಿನ ಯಂತ್ರ ಎಷ್ಟು ದುಬಾರಿಯದ್ದಾದರೂ ಪ್ರಯೋಜನವಿಲ್ಲ. ಟ್ಯೂಬಿನ ಮುಚ್ಚಳಕ್ಕೆ ಅಂಟಿದ ಕಡ್ಡಿಯ ತುದಿಯಲ್ಲಿ ಸಣ್ಣ ಗೀರುಗಳಿರುತ್ತವೆ. ಆ ಗೀರುಗಳಲ್ಲಿ ಸಿಕ್ಕಿಕೊಂಡಷ್ಟು ಮಲವೇ ಅಳತೆ, ಅದಕ್ಕಿಂತ ಹೆಚ್ಚು ಬೇಡವೇ ಬೇಡ. ಟ್ಯೂಬಿನ ಕಂಠದಲ್ಲಿ ಒಂದು ಇಕ್ಕಟ್ಟಾದ ತೂತು ಇದ್ದು, ಕಡ್ಡಿ ಒಳಹೋಗುವಾಗ ಸುತ್ತ ಮೆತ್ತಿದ ಹೆಚ್ಚುವರಿಯನ್ನು ಅದು ಕೆರೆದು ಹೊರಗೇ ಉಳಿಸುತ್ತದೆ. ಜನ ಮಾಡುವ ತಪ್ಪು ಎರಡು. ‘ಇಷ್ಟು ಸಾಕಾಗುವುದಿಲ್ಲ’ ಎಂದು ಚಮಚದಲ್ಲಿ ತೆಗೆದಂತೆ ಮುದ್ದೆ ತೆಗೆದು ತುರುಕುತ್ತಾರೆ. ಆಗ ಸೋಸುವ ಜಾಲರಿ ಕಟ್ಟಿಕೊಂಡು ಯಂತ್ರ ಆ ಟ್ಯೂಬನ್ನು ತಿರಸ್ಕರಿಸುತ್ತದೆ, ಇಲ್ಲವೇ ಸುಳ್ಳು ಸಂಖ್ಯೆ ಕೊಡುತ್ತದೆ. ಎರಡನೆಯದು ಇನ್ನೂ ಸದ್ದಿಲ್ಲದ ತಪ್ಪು: ಒಮ್ಮೆ ಒಳಗಿಟ್ಟ ಕಡ್ಡಿಯನ್ನು ಅನುಮಾನದಿಂದ ಹೊರತೆಗೆದು ಮತ್ತೊಮ್ಮೆ ಅದ್ದುವುದು. ಎರಡು ಸಲದ ಮಲ ಒಂದೇ ಬಫರ್‌ಗೆ ಸೇರುತ್ತದೆ, ಹೊರತೆಗೆಯುವಾಗ ಬಫರ್ ಒಂದಿಷ್ಟು ಚೆಲ್ಲಿರುತ್ತದೆ ಕೂಡ. ನೋಡಲು ಟ್ಯೂಬ್ ಸರಿಯಾಗಿಯೇ ಇರುತ್ತದೆ, ಸಂಖ್ಯೆ ಮಾತ್ರ ಏರಿರುತ್ತದೆ.

ಸೂಚನಾ ಪತ್ರ ಆಡುಮಾತಿನಲ್ಲಿರಲಿ. ‘ಮಾದರಿಯನ್ನು ಸಂಗ್ರಹಿಸತಕ್ಕದ್ದು’ ಎಂಬ ಕಚೇರಿ ಕನ್ನಡ ಓದಿ ಯಾರೂ ಕಕ್ಕಸಿನಲ್ಲಿ ಧೈರ್ಯ ತಂದುಕೊಳ್ಳುವುದಿಲ್ಲ. ಹೀಗೆ ಹೇಳಿದರೆ ಸಾಕು: ಮೊದಲು ಮೂತ್ರ ಮಾಡಿ ಮುಗಿಸಿ. ಮಲ ನೀರಿಗೆ, ಮೂತ್ರಕ್ಕೆ ತಾಗದಂತೆ ದಪ್ಪ ಕಾಗದವನ್ನೋ ಬಿಸಾಡಬಹುದಾದ ಅಗಲ ಡಬ್ಬಿಯನ್ನೋ ಕೆಳಗಿಡಿ. ಕಮೋಡ್ ಆಗಲಿ ಕುಕ್ಕರುಗಾಲಲ್ಲಿ ಕೂರುವ ಕಕ್ಕಸಾಗಲಿ ಕ್ರಮ ಒಂದೇ. ಮುಚ್ಚಳ ತಿರುಗಿಸಿ ಕಡ್ಡಿ ಹೊರತೆಗೆಯಿರಿ, ಒಳಗಿನ ನೀರು ಚೆಲ್ಲಬೇಡಿ. ಕಡ್ಡಿಯ ತುದಿಯಿಂದ ಮಲದ ಮೇಲ್ಮೈಯನ್ನು ನಾಲ್ಕಾರು ಕಡೆ ಗೀಚಿ, ಗೀರುಗಳು ತುಂಬಿದರೆ ನಿಲ್ಲಿಸಿ. ಟಕ್ ಎನ್ನುವವರೆಗೆ ಕಡ್ಡಿಯನ್ನು ಒಳಗೆ ಒತ್ತಿ, ಟ್ಯೂಬ್ ಕುಲುಕಿ, ಮತ್ತೆ ತೆರೆಯಬೇಡಿ. ತಾರೀಕು ಬರೆಯಿರಿ. ಚೀಲಕ್ಕೆ ಹಾಕಿ ಅಂದೇ ಅಥವಾ ಮರುದಿನ ಕಳುಹಿಸಿ. ನಾಲ್ಕಾರು ಕಡೆ ಏಕೆ ಎಂದು ಒಂದು ಸಾಲು ಸೇರಿಸಿದರೆ ಜನ ಖಂಡಿತ ಪಾಲಿಸುತ್ತಾರೆ: ಗಡ್ಡೆಯ ಪಕ್ಕದಲ್ಲಿ ಜಾರಿದ ಭಾಗಕ್ಕೆ ಮಾತ್ರ ರಕ್ತ ತಾಗಿರುತ್ತದೆ, ಒಂದೇ ಕಡೆ ಚುಚ್ಚಿದರೆ ಅದು ತಪ್ಪಬಹುದು. ಮುಟ್ಟಿನ ದಿನಗಳಲ್ಲಿ, ಮೂತ್ರದಲ್ಲಿ ರಕ್ತ ಹೋಗುತ್ತಿರುವಾಗ, ಮೂಲವ್ಯಾಧಿಯಿಂದ ಕಣ್ಣಿಗೆ ಕಾಣುವಂತೆ ರಕ್ತ ಬೀಳುತ್ತಿರುವಾಗ ತಪಾಸಣೆಯ ಕಿಟ್ ಬಳಸಬಾರದು ಎಂಬುದೂ ಅದೇ ಪುಟದಲ್ಲಿರಲಿ. ತಾರೀಕು ಬರೆಯಲು ದೊಡ್ಡ ಚೌಕ ಕೊಡಿ. ತಾರೀಕಿಲ್ಲದ ಟ್ಯೂಬನ್ನು ಲ್ಯಾಬ್ ತಿರಸ್ಕರಿಸಲೇಬೇಕಾಗುತ್ತದೆ, ಎಷ್ಟು ಹಳತೆಂದು ಗೊತ್ತಾಗದೆ ಸಂಖ್ಯೆಯನ್ನು ನಂಬುವುದು ಹೇಗೆ?

ಹಳತಾಗುವುದು ಎಂದರೆ ಹಿಮೋಗ್ಲೋಬಿನ್ ಒಡೆಯುವುದು. ಮಲದಲ್ಲಿರುವ ಬ್ಯಾಕ್ಟೀರಿಯಾಗಳು, ಕಿಣ್ವಗಳು ಗ್ಲೋಬಿನ್ನನ್ನು ತಿನ್ನುತ್ತಲೇ ಇರುತ್ತವೆ. ಬಫರ್ ಅದನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ. ಬಿಸಿ ಹೆಚ್ಚಾದಷ್ಟೂ ವೇಗ. ಇಟಲಿಯ ಫ್ಲಾರೆನ್ಸ್ ಜಿಲ್ಲೆಯಲ್ಲಿ ಹಲವು ವರ್ಷಗಳ ಪರೀಕ್ಷೆಗಳನ್ನು ಹವಾಮಾನದ ಜೊತೆ ಹೋಲಿಸಿದಾಗ, ಬೇಸಿಗೆಯಲ್ಲಿ ಪಾಸಿಟಿವ್ ಬರುವ ಸಂಭವ ಚಳಿಗಾಲಕ್ಕಿಂತ ಶೇ 17ರಷ್ಟು ಕಡಿಮೆಯಿದ್ದದ್ದು ಕಂಡುಬಂತು. 2010ರಲ್ಲಿ ಪ್ರಕಟವಾದ ಅಧ್ಯಯನ ಅದು. ಬೇಸಿಗೆಯಲ್ಲಿ ಕ್ಯಾನ್ಸರ್ ರಜೆ ಹಾಕುವುದಿಲ್ಲ. ರಕ್ತವಿತ್ತು, ದಾರಿಯಲ್ಲಿ ಕರಗಿತು. ಟ್ಯೂಬ್ ಕೋಣೆಯ ಉಷ್ಣತೆಯಲ್ಲಿ ಎಷ್ಟು ದಿನ ತಾಳುತ್ತದೆ ಎಂದು ತಯಾರಕರನ್ನು ಕೇಳುವಾಗ ಎಷ್ಟು ಡಿಗ್ರಿಯ ಕೋಣೆ ಎಂದೂ ಕೇಳಿ. 25 ಡಿಗ್ರಿಗೆ ಕೊಟ್ಟ ಭರವಸೆ 40 ಡಿಗ್ರಿಗೆ ನಡೆಯುವುದಿಲ್ಲ. ಬಿಸಿಲಿಗೆ ನಿಲ್ಲುವ ಲೋಹದ ಡಬ್ಬಿಯಲ್ಲಿ ಟ್ಯೂಬ್ ಸಂಗ್ರಹಿಸಬೇಡಿ. ರಜೆಗೆ ಮುಂಚಿನ ಸಂಜೆ ಡಬ್ಬಿಗೆ ಬಿದ್ದ ಟ್ಯೂಬ್ ರಜೆ ಮುಗಿಯುವವರೆಗೆ ಅಲ್ಲೇ ಬೇಯುತ್ತದೆ. ವಾರದ ಆರಂಭದಲ್ಲಿ ಸ್ಯಾಂಪಲ್ ತೆಗೆಯಲು ಹೇಳುವುದು ಖರ್ಚಿಲ್ಲದ ಪರಿಹಾರ. ತಡವಾಗುವಂತಿದ್ದರೆ ಚೀಲ ಸಮೇತ ಫ್ರಿಜ್ಜಿನಲ್ಲಿಡಬಹುದು, ಫ್ರೀಜರಿನಲ್ಲಿ ಬೇಡ. ಬಫರ್ ಇಲ್ಲದ ಖಾಲಿ ಡಬ್ಬಿಯಲ್ಲಿ ಮಲ ತರಿಸಿಕೊಂಡು ಲ್ಯಾಬಿನಲ್ಲಿ ಟ್ಯೂಬಿಗೆ ತುಂಬುವ ಅಭ್ಯಾಸವನ್ನಂತೂ ಕೈಬಿಡಿ, ಗ್ಲೋಬಿನ್ ಅತಿವೇಗವಾಗಿ ಹಾಳಾಗುವುದು ಅದರಲ್ಲೇ. ಬಳಸದ ಕಿಟ್‌ಗಳಿಗೂ ಅವಧಿಯಿದೆ. ಗೋದಾಮಿನಲ್ಲಿ ಕೊಳೆತು ಕಡೆಯ ತಿಂಗಳಲ್ಲಿ ಹಂಚಿದರೆ ಜನ ತುಂಬಿ ಕಳುಹಿಸುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ಇನ್ನೊಂದು ಅಡ್ಡದಾರಿ. ಗುದದ್ವಾರ ಪರೀಕ್ಷಿಸುವಾಗ ಕೈಗವಸಿಗೆ ಅಂಟಿದ ಮಲವನ್ನೇ ಕಾರ್ಡಿಗೆ ಹಚ್ಚಿ ‘ತಪಾಸಣೆ ಆಯಿತು’ ಎಂದು ಬರೆಯುವ ರೂಢಿ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾಗೆ ತೆಗೆದ ಒಂದು ಸ್ಯಾಂಪಲ್, ಕ್ಯಾನ್ಸರ್ ಮತ್ತು ಅದರ ಹಾದಿಯಲ್ಲಿದ್ದ ದೊಡ್ಡ ಪಾಲಿಪ್‌ಗಳಲ್ಲಿ ಶೇ 4.9ನ್ನು ಮಾತ್ರ ಹಿಡಿಯಿತು. ಮನೆಯಲ್ಲಿ ಕ್ರಮವಾಗಿ ತೆಗೆದ ಆರು ಸ್ಯಾಂಪಲ್‌ಗಳು ಶೇ 23.9ನ್ನು ಹಿಡಿದವು. ನೂರರಲ್ಲಿ ಐದನ್ನೂ ಹಿಡಿಯದ ಪರೀಕ್ಷೆ ಮಾಡಿ ರೋಗಿಗೆ ನೆಮ್ಮದಿ ಹೇಳಿ ಕಳುಹಿಸುವುದಕ್ಕಿಂತ ಏನೂ ಮಾಡದಿರುವುದು ಮೇಲು.

ಲ್ಯಾಬಿನ ಒಳಗಿನ ಮಾತು ಹೆಚ್ಚು ಬೇಡ. ಪ್ರತಿಕಾಯ ಅಂಟಿಸಿದ ಲೇಟೆಕ್ಸ್ ಕಣಗಳು ಹಿಮೋಗ್ಲೋಬಿನ್ ಸಿಕ್ಕಾಗ ಒಂದಕ್ಕೊಂದು ಕೂಡಿಕೊಂಡು ದ್ರವ ಮಬ್ಬಾಗುತ್ತದೆ, ಆ ಮಬ್ಬನ್ನು ಯಂತ್ರ ಅಳೆಯುತ್ತದೆ. ರಕ್ತ ವಿಪರೀತವಾಗಿದ್ದರೆ ಪ್ರತಿಯೊಂದು ಕಣವೂ ತನ್ನ ಪಾಡಿಗೆ ತಾನು ತುಂಬಿಕೊಂಡು ಕೂಡಿಕೊಳ್ಳುವುದೇ ಇಲ್ಲ. ರೀಡಿಂಗ್ ಕಡಿಮೆ ತೋರಿಸುತ್ತದೆ. ಒಳ್ಳೆಯ ಯಂತ್ರಗಳು ಇದನ್ನು ಪತ್ತೆಮಾಡಿ ದ್ರವವನ್ನು ತೆಳುವಾಗಿಸಿ ಮತ್ತೆ ಅಳೆಯುತ್ತವೆ, ಕ್ಯಾಸೆಟ್‌ಗೆ ಆ ಬುದ್ಧಿ ಇಲ್ಲ. ದಿನದ ಮೊದಲ ಟ್ಯೂಬಿಗೆ ಮುಂಚೆ ಎರಡು ಮಟ್ಟದ ಕಂಟ್ರೋಲ್ (ಹಿಮೋಗ್ಲೋಬಿನ್ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ದ್ರವ) ಓಡಿಸಬೇಕು, ಅದರಲ್ಲಿ ಒಂದು ನಿಮ್ಮ ಕಟ್‌ಆಫ್‌ಗೆ ಹತ್ತಿರದ್ದಾಗಿರಬೇಕು. 500ರಲ್ಲಿ ಸರಿಯಿರುವ ಯಂತ್ರ 20ರಲ್ಲೂ ಸರಿಯಿದೆ ಎನ್ನಲು ಆಧಾರವಿಲ್ಲ.

ರಿಪೋರ್ಟಿನಲ್ಲಿ ಸಂಖ್ಯೆ, ಅದರ ಮಾನ, ಕಟ್‌ಆಫ್, ಸ್ಯಾಂಪಲ್ ತೆಗೆದ ದಿನ, ಲ್ಯಾಬಿಗೆ ಬಂದ ದಿನ, ಯಂತ್ರದ ಹೆಸರು ಇರಲಿ. ಕಟ್‌ಆಫ್‌ಗಿಂತ ಕೆಳಗಿದ್ದವರಿಗೆ ‘ನಾರ್ಮಲ್’ ಎಂದು ಬರೆಯಬೇಡಿ. ‘ಈ ಸಲ ಮುಂದಿನ ಪರೀಕ್ಷೆ ಬೇಕಾಗುವಷ್ಟು ರಕ್ತ ಸಿಗಲಿಲ್ಲ’ ಎಂಬುದು ಉದ್ದವಾದರೂ ಸತ್ಯ. ಕೆಟ್ಟುಹೋದ ಸ್ಯಾಂಪಲ್ಲನ್ನು ನೆಗೆಟಿವ್ ಲೆಕ್ಕಕ್ಕೆ ಸೇರಿಸುವ ಕಂಪ್ಯೂಟರ್ ವ್ಯವಸ್ಥೆಗಳಿಂದ ಎಚ್ಚರ; ಅಂಥವರಿಗೆ ಏನು ತಪ್ಪಾಯಿತೆಂದು ಒಂದು ಸಾಲು ಬರೆದು ಹೊಸ ಕಿಟ್ ಹೋಗಬೇಕು.

ಪಾಸಿಟಿವ್ ಬಂದ ಮೇಲೆ ಮಾಡುವ ತಪ್ಪುಗಳಲ್ಲಿ ಮೊದಲನೆಯದು ‘ಇನ್ನೊಂದು ಸಲ ಮಾಡಿ ನೋಡೋಣ’ ಎನ್ನುವುದು. ಗಡ್ಡೆ ಬಿಟ್ಟುಬಿಟ್ಟು ಜಿನುಗುತ್ತದೆ ಎಂದ ಮೇಲೆ ಎರಡನೆಯ ನೆಗೆಟಿವ್ ಮೊದಲನೆಯ ಪಾಸಿಟಿವನ್ನು ಅಳಿಸಲಾರದು. ಎರಡನೆಯದು ‘ಮೂಲವ್ಯಾಧಿ ಇದೆಯಲ್ಲ, ಅದರದ್ದೇ ಇರಬೇಕು’. ಇರಬಹುದು, ಮೂಲವ್ಯಾಧಿ ಇರುವವರಿಗೆ ಗಡ್ಡೆ ಬರಬಾರದೆಂಬ ಕಾನೂನೇನೂ ಇಲ್ಲ. ಮೂರನೆಯದು ಜಠರದ ಎಂಡೋಸ್ಕೋಪಿ ಮಾಡಿಸಿ ‘ಗ್ಯಾಸ್ಟ್ರಿಕ್’ ಎಂದು ಮುಗಿಸುವುದು. ಎಫ್‌ಐಟಿ ಬೆರಳು ತೋರಿಸಿದ್ದು ಇನ್ನೊಂದು ತುದಿಗೆ. ಪಾಸಿಟಿವ್‌ಗೆ ಉತ್ತರ ಕೊಲೊನೊಸ್ಕೋಪಿ, ಅದು ಸಾಧ್ಯವಿಲ್ಲದವರಿಗೆ ಸಿಟಿ ಕೊಲೊನೊಗ್ರಫಿ, ಅಂದರೆ ಸಿಟಿ ಸ್ಕ್ಯಾನಿನಲ್ಲಿ ದೊಡ್ಡ ಕರುಳನ್ನು ನೋಡುವುದು.

ಆ ಕೊಲೊನೊಸ್ಕೋಪಿಯೂ ಸರಿಯಾಗಿರಬೇಕು. ಕರುಳು ಖಾಲಿಯಾಗಿರದಿದ್ದರೆ ಕ್ಯಾಮೆರಾ ಕೆಸರಿನಲ್ಲಿ ಓಡಾಡಿದಂತೆ. ಭೇದಿಯ ಔಷಧವನ್ನು ಹಿಂದಿನ ಸಂಜೆ ಅರ್ಧ, ಪರೀಕ್ಷೆಯ ದಿನ ಬೆಳಗ್ಗೆ ಅರ್ಧ ಕುಡಿಸಿದರೆ ಎಲ್ಲವನ್ನೂ ಹಿಂದಿನ ರಾತ್ರಿಯೇ ಕುಡಿಸಿದ್ದಕ್ಕಿಂತ ಕರುಳು ಚೊಕ್ಕಟವಾಗಿರುತ್ತದೆ. ಎಫ್‌ಐಟಿಗೆ ಅಡ್ಡಿಯಾಗದ ಕಬ್ಬಿಣದ ಮಾತ್ರೆ ಇಲ್ಲಿ ಅಡ್ಡಿಯಾಗುತ್ತದೆ, ಕರುಳಿನ ಗೋಡೆಗೆ ಕಪ್ಪು ಮೆತ್ತುತ್ತದೆ. ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕು. ಕಬ್ಬಿಣದ ಮಾತ್ರೆಯ ಈ ಎರಡು ಸೂಚನೆಗಳು ಎರಡು ಬೇರೆ ಹಾಳೆಗಳಲ್ಲಿರಲಿ, ಇಲ್ಲದಿದ್ದರೆ ಜನ ಗೊಂದಲಕ್ಕೆ ಬೀಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆಯ ತೀರ್ಮಾನವನ್ನು ವೈದ್ಯರೇ ಮಾಡಲಿ. ನೂರರಲ್ಲಿ ಕನಿಷ್ಠ 90 ಜನರಲ್ಲಿ ಕ್ಯಾಮೆರಾ ದೊಡ್ಡ ಕರುಳಿನ ಕಡೆಯ ತುದಿಯವರೆಗೆ ಮುಟ್ಟಬೇಕು, ಅಲ್ಲಿಂದ ಹಿಂದಕ್ಕೆ ಬರುವಾಗ ಕನಿಷ್ಠ 6 ನಿಮಿಷ ನೋಡುತ್ತ ಬರಬೇಕು. ಇದನ್ನು ಪ್ರತಿಯೊಬ್ಬ ವೈದ್ಯರ ಹೆಸರಿನ ಮುಂದೆ ಲೆಕ್ಕವಿಡದ ಕೋಣೆಯನ್ನು ನಿಮ್ಮ ಡೈರಿಗೆ ಸೇರಿಸಬೇಡಿ. ಕರುಳಿಗೆ ತೂತಾಗುವ ಅಪಾಯ ಸಾವಿರಕ್ಕೆ ಒಂದರ ಆಸುಪಾಸಿನಲ್ಲಿದೆ, ದೊಡ್ಡ ಪಾಲಿಪ್ ಕತ್ತರಿಸಿದಾಗ ಹೆಚ್ಚುತ್ತದೆ. ಜನರಿಗೆ ಇದನ್ನು ಸಹಿ ಹಾಕಿಸುವ ಹೊತ್ತಿನಲ್ಲಲ್ಲ, ಕಿಟ್ ಕೊಡುವಾಗಲೇ ಹೇಳಬೇಕು.

ಕೊನೆಗೆ, ತಪಾಸಣೆಯ ಕಿಟ್ ಯಾರಿಗಲ್ಲ ಎಂಬುದು. ಮಲದಲ್ಲಿ ರಕ್ತ ಕಾಣುತ್ತಿರುವವರು, ವಾರಗಟ್ಟಲೆ ಮಲದ ರೂಢಿ ಬದಲಾಗಿರುವವರು, ಕಾರಣ ತಿಳಿಯದ ಕಬ್ಬಿಣದ ಕೊರತೆಯ ರಕ್ತಹೀನತೆ ಇರುವವರು, ತೂಕ ಇಳಿಯುತ್ತಿರುವವರು ಮುಂದಿನ ಆಹ್ವಾನ ಪತ್ರ ಬರಲೆಂದು ಕಾಯಬಾರದು, ವೈದ್ಯರ ಬಳಿ ಹೋಗಬೇಕು. ಬ್ರಿಟನ್ನಿನಲ್ಲಿ ಅಂಥವರಿಗೂ ಎಫ್‌ಐಟಿ ಮಾಡುತ್ತಾರೆ ನಿಜ, ಆದರೆ ಅಲ್ಲಿ ಗೆರೆ ಗ್ರಾಮಿಗೆ 10 ಮೈಕ್ರೋಗ್ರಾಂ. ತಪಾಸಣೆಗೆ 80 ಅಥವಾ 120 ಇಟ್ಟುಕೊಂಡು ಅದೇ ನೆಗೆಟಿವ್ ಚೀಟಿಯನ್ನು ರೋಗಲಕ್ಷಣ ಇರುವವರ ಕೈಗೂ ಕೊಟ್ಟು ಕಳುಹಿಸಿದರೆ ಅನಾಹುತ. ಮನೆಯಲ್ಲಿ ಹತ್ತಿರದ ರಕ್ತಸಂಬಂಧಿಗಳಿಗೆ ಎಳೆ ವಯಸ್ಸಿನಲ್ಲೇ ಈ ಕ್ಯಾನ್ಸರ್ ಬಂದಿದ್ದವರಿಗೆ, ಲಿಂಚ್ ಸಿಂಡ್ರೋಮ್ (ಈ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಆನುವಂಶಿಕ ದೋಷ) ಇರುವವರಿಗೆ, ದೀರ್ಘಕಾಲದ ಕರುಳಿನ ಉರಿಯೂತ ಇರುವವರಿಗೆ ನೇರ ಕೊಲೊನೊಸ್ಕೋಪಿಯ ಬೇರೆ ವೇಳಾಪಟ್ಟಿ ಬೇಕು.

ಯೋಜನೆ ಆರಂಭವಾದ ಮೇಲೆ ಪ್ರತಿ ತಿಂಗಳೂ ಐದು ಅಂಕಿಗಳನ್ನು ಸಾರ್ವಜನಿಕವಾಗಿ ಪ್ರಕಟಿಸಿ ಎಂಬುದು ನಮ್ಮ ಒತ್ತಾಯ: ಕಳುಹಿಸಿದ ಕಿಟ್, ಮರಳಿದ ಟ್ಯೂಬ್, ತಿರಸ್ಕೃತವಾದ ಟ್ಯೂಬ್, ಪಾಸಿಟಿವ್ ಬಂದವರು, ಅವರಲ್ಲಿ ಕೊಲೊನೊಸ್ಕೋಪಿ ಆದವರು. ಕೊನೆಯ ಎರಡು ಅಂಕಿಗಳ ನಡುವಿನ ಅಂತರ ಹಿಗ್ಗತೊಡಗಿದ ತಿಂಗಳೇ ಹೊಸ ಕಿಟ್ ಹಂಚುವುದನ್ನು ನಿಲ್ಲಿಸಿ.

ಇಂತಿ,
ಮಲ ಪರೀಕ್ಷೆಯ ಲ್ಯಾಬುಗಳಲ್ಲಿ ಮತ್ತು ಕೊಲೊನೊಸ್ಕೋಪಿ ಕೋಣೆಗಳಲ್ಲಿ ಕೆಲಸ ಮಾಡುವವರು